ತೆರೆಗೆ ಬಾರದ ಕಂತಿನ ವಿದ್ವಾಂಸರು

ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದ ಹಳೆಯ ಸಹೋದ್ಯೋಗಿ, "ದೊಡ್ಡ ವಿದ್ವಾಂಸರು ಹೋದ್ರು ಮೇಡಂ" ಎಂದರು. "ಹೌದಾ" ಎಂದೆ ನಾನು. ಯಾವುದಕ್ಕೆ ಹೌದಾ ಎಂದೆನೆಂದು ಅವರಿಗೆ ತಿಳಿದಿರಲಾರದು. ಹೋದದ್ದು ನಿಜವೇ ಇರಬೇಕು. ದೊಡ್ಡ ವಿದ್ವಾಂಸರು ಎಂಬುದನ್ನು ಒಪ್ಪಿಕೊಳ್ಳುವುದು, ಅಷ್ಟು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತ ನನಗೆ ಸ್ವಲ್ಪ ಕಷ್ಟ.

ಮೂಡುಬಿದಿರೆಯ ಕಾಲೇಜೊಂದರಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು, ನಾನು ಕನ್ನಡ. ಅವರು ಘಟ್ಟದ ಮೇಲಿನವರು. ಕಾಲೇಜಿನ ಹತ್ತಿರವೇ ಬಾಡಿಗೆ ಮನೆ. ನಾನು ಪಾಣೆಮಂಗಳೂರಿನಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದವಳು. ಬೆವರು ಒರೆಸುತ್ತ ಸ್ಟಾಫ್ ರೂಮಿಗೆ ಕಾಲಿಟ್ಟರೆ ಅವರು, ಎಲ್ಲರಿಗೂ ಬರುವ ಪತ್ರಿಕೆಯನ್ನು ತಮ್ಮೊಬ್ಬರಿಗೇ ಬಂದಂತೆ ಹರಡಿಕೊಂಡು, ಅದರ ತಪ್ಪು ಇಂಗ್ಲಿಷಿಗೆ ಕೆಂಪು ಗೆರೆ ಎಳೆಯುತ್ತ ಕೂತಿರುತ್ತಿದ್ದರು. ಮಧ್ಯಾಹ್ನ ಯಾರಾದರೂ ಡಬ್ಬಿಯಲ್ಲಿ ಕೆಸುವಿನೆಲೆಯ ಪತ್ರೊಡೆ ತಂದರೆ ಕೇಳದೆಯೇ ಎರಡು ತುಂಡು ಎತ್ತಿಕೊಳ್ಳುವರು. ತಿಂದು ಮುಗಿಸಿದ ಮೇಲೆ "ಖಾರ ಜಾಸ್ತಿ" ಎನ್ನುವರು. ಇಂಗ್ಲಿಷಿನಲ್ಲಿ ಮಾತು ಶುರುಮಾಡುವ ಮೊದಲು ಎರಡೂ ತೋಳಿನ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕನ್ನಡಕ್ಕೆ ಆ ಮರ್ಯಾದೆ ಇರಲಿಲ್ಲ. ತುಳುವಿಗಂತೂ ಯಾವ ಮರ್ಯಾದೆಯೂ ಇರಲಿಲ್ಲ. ನಾವು ನಾಲ್ಕು ಜನ ಸೇರಿ ತುಳುವಿನಲ್ಲಿ ನಗಾಡುತ್ತಿದ್ದರೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. "ಹನ್ನೆರಡು ವರ್ಷ ಆಯ್ತಲ್ಲ ಸರ್, ಸ್ವಲ್ಪ ಕಲಿಯಬಹುದಿತ್ತು" ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಯಾಕೆ ಮೇಡಂ? ಮೀನು ತಗೊಳ್ಳೋಕಾ? ನಾನು ತಿನ್ನಲ್ಲ" ಎಂದರು. ಅದನ್ನು ಅವರು ಹಾಸ್ಯವೆಂದು ತಿಳಿದಿದ್ದರು.

ಅವರ ಸಂಶೋಧನೆಯ ವಿಷಯ ಕೇಳಿ ಪ್ರಾಂಶುಪಾಲರು ನಕ್ಕಿದ್ದರಂತೆ. ನಾನು ನಗಲಿಲ್ಲ. ವಿಷಯ ಚೆನ್ನಾಗಿಯೇ ಇತ್ತು. ಪರದೇಶದ ಟಿವಿಯಲ್ಲಿ ವರ್ಷಗಟ್ಟಲೆ ಬಂದ ಒಂದು ವೈಜ್ಞಾನಿಕ ಧಾರಾವಾಹಿ. ನಕ್ಷತ್ರಗಳ ನಡುವೆ ಅಲೆಯುವ ಒಂದು ನೌಕೆ, ಅದರೊಳಗೆ ಒಂದಿಷ್ಟು ಜನ, ಪ್ರತಿ ಕಂತಿಗೂ ಹೊಸ ಗ್ರಹ. ಹಣ ಸಾಲದೆಂದೋ ನೋಡುವವರು ಕಡಿಮೆಯಾದರೆಂದೋ ಒಂದು ದಿನ ಅದನ್ನು ನಿಲ್ಲಿಸಿಬಿಟ್ಟರು. ಆಮೇಲೆ ಎಷ್ಟೋ ಖಾಲಿ ವರ್ಷ. ಆ ಖಾಲಿ ವರ್ಷಗಳೇ ಇವರ ವಿಷಯ. ಸಿನಿಮಾ ಮಾಡುತ್ತೇವೆಂದು ಹೊರಟವರು ಯಾರು, ವೇಷಭೂಷಣ ಹೊಲಿಸಿದ ಮೇಲೆ ಕೈಬಿಟ್ಟದ್ದು ಯಾಕೆ, ಮೂರು ಸಲ ತಿದ್ದಿದ ಚಿತ್ರಕಥೆ ಯಾರ ಕಪಾಟಿನಲ್ಲಿ ಉಳಿಯಿತು. ಅಷ್ಟು ಕಾಲ ಅಭಿಮಾನಿಗಳು ತಾವೇ ಟೈಪು ಮಾಡಿ, ಸೈಕ್ಲೋಸ್ಟೈಲ್ ಮಾಡಿ, ಪುಟ್ಟ ಪತ್ರಿಕೆಗಳನ್ನು ಹಂಚಿಕೊಂಡು, ನಿಂತುಹೋದ ಕಥೆಯನ್ನು ತಾವೇ ಮುಂದುವರಿಸಿ ಅದನ್ನು ಹೇಗೆ ಬದುಕಿಸಿಟ್ಟರು ಎಂಬುದೆಲ್ಲ. ಒಬ್ಬ ಪ್ರೀತಿಯುಳ್ಳ ಮನುಷ್ಯನ ಕೈಗೆ ಸಿಕ್ಕಿದ್ದರೆ ಎಂಥ ಪುಸ್ತಕವಾಗುತ್ತಿತ್ತು!

ಇವರ ಕೈಗೆ ಅದು ಸಿಕ್ಕಿದ್ದು ನಮ್ಮ ಪಾಣೆಮಂಗಳೂರಿನ ಪಕ್ಕದ ಮೆಲ್ಕಾರಿನಲ್ಲಿ. ಅಲ್ಲಿ ರಝಾಕ್ ಎಂಬವರು ವೀಡಿಯೋ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದರು. ಅವರ ಅಣ್ಣ ಗಲ್ಫಿನಲ್ಲಿ ಟಿವಿಯಿಂದ ಈ ಧಾರಾವಾಹಿಯನ್ನು ರೆಕಾರ್ಡ್ ಮಾಡಿ, ನಡುವಿನ ಅರಬ್ಬಿ ಜಾಹೀರಾತುಗಳ ಸಮೇತ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆದಿತ್ಯವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಝಾಕ್ ಅದನ್ನು ಹಾಕಿದರೆ ರಿಕ್ಷಾದವರು, ಪಕ್ಕದ ಟೈಲರು, ರಜೆಯಲ್ಲಿ ಬಂದ ಗಲ್ಫಿನ ಹುಡುಗರು, ಹೀಗೆ ಐದಾರು ಜನ ಸೇರುತ್ತಿದ್ದರು. ನಾನು ಬಸ್ಸಿಗೆ ಕಾಯುವುದು ಆ ಅಂಗಡಿಯ ಎದುರಿಗೇ. ರಝಾಕ್ ಒಮ್ಮೆ ನನ್ನ ಹತ್ತಿರ ದೂರಿದರು: "ನಿಮ್ಮ ಕಾಲೇಜಿನ ಸಾರ್ ಒಬ್ರು ಬರ್ತಾರಲ್ಲ ಟೀಚರೇ, ಎಂತ ಜನ ಮಾರಾಯ್ರೆ ಅವರು! ಕ್ಯಾಸೆಟ್ ತೆಕ್ಕೊಂಡು ಹೋಗ್ತಾರೆ, ಒಂದು ದಿನ ರೀವೈಂಡ್ ಮಾಡಿ ತಂದದ್ದಿಲ್ಲ. ಹೇಗೆ ಉಂಟು ಸಾರ್ ಅಂತ ಕೇಳಿದ್ರೆ 'ನಾನು ನೋಡೋದಿಲ್ಲ, ಸ್ಟಡಿ ಮಾಡ್ತೀನಿ' ಅಂತ ಹೇಳ್ತಾರೆ."

ಪರದೇಶದ ಅಭಿಮಾನಿ ಸಂಘಗಳಿಗೆ ಅವರು ಕಾಗದ ಬರೆದದ್ದು ತಮ್ಮ ಹೆಸರಿನಲ್ಲಲ್ಲ, 'ದಕ್ಷಿಣ ಕನ್ನಡ ವೀಕ್ಷಕರ ಸಂಘದ ಅಧ್ಯಕ್ಷ' ಎಂಬ ಹೆಸರಿನಲ್ಲಿ. ಅಂಥ ಸಂಘವೇ ಇರಲಿಲ್ಲ. ಆದರೂ ಅಲ್ಲಿಂದ ಕಂತೆ ಕಂತೆ ಪತ್ರಿಕೆಗಳು, ಕೈಬಿಟ್ಟ ಚಿತ್ರಕಥೆಗಳ ನಕಲುಗಳು ಬಂದವು. ಯಾರೋ ತಮ್ಮ ಕಚೇರಿಯ ಊಟದ ಹೊತ್ತಿನಲ್ಲಿ ನಿಂತು ಒಂದೊಂದು ಹಾಳೆಯನ್ನೂ ಜೆರಾಕ್ಸ್ ಮಾಡಿ, ಅಂಚೆ ಖರ್ಚು ತಾವೇ ಹಾಕಿಕೊಂಡು ಕಳಿಸಿದ್ದು. ಇವರು ಆ ಕಟ್ಟುಗಳನ್ನು ಸ್ಟಾಫ್ ರೂಮಿನಲ್ಲೇ ಬಿಚ್ಚಿ, ಅವರ ಪತ್ರಗಳನ್ನು ಮೂಗಿನ ದನಿಯಲ್ಲಿ ಓದಿ ತೋರಿಸುತ್ತಿದ್ದರು. "ಇದನ್ನ ಕೇಳಿ ಮೇಡಂ. ಮದುವೆ ದಿನ ಗಂಡ ಹೆಂಡತಿ ಇಬ್ರೂ ಆ ನೌಕೆಯವರ ಯೂನಿಫಾರ್ಮ್ ಹಾಕ್ಕೊಂಡಿದ್ರಂತೆ! ಕೆಲಸ ಇಲ್ಲದ ಜನ." ಇವರಿಗೆ ಕಾಗದ, ಪುಸ್ತಕ, ಅಡಿಟಿಪ್ಪಣಿ, ಕೊನೆಗೆ ಪದವಿ, ಎಲ್ಲವನ್ನೂ ಕೊಡಲು ಹೊರಟದ್ದು ಆ ಕೆಲಸ ಇಲ್ಲದ ಜನವೇ.

ಕಾಲೇಜಿನಲ್ಲಿ ಅವರು ಇಂಗ್ಲಿಷ್ ಕ್ಲಬ್ ನಡೆಸುತ್ತಿದ್ದರು. ಶನಿವಾರ ತರಗತಿ ಮುಗಿದ ಮೇಲೆ ರಝಾಕರ ಕ್ಯಾಸೆಟ್ ಹಾಕಿ, ತಾವು ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಒಂದು ಸಲ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಧಾರಾವಾಹಿ ನಿಂತ ಆ ಖಾಲಿ ವರ್ಷಗಳಲ್ಲಿ ಒಂದು ಕಂತು ಬಂದಿದ್ದರೆ ಅದು ಹೇಗಿರುತ್ತಿತ್ತು, ಬರೆಯಿರಿ. ಉಳಿದವರು ಒಂದೊಂದು ಪುಟ ಗೀಚಿ ಕೊಟ್ಟರು. ಸುಮತಿ ಪೂರಾ ಒಂದು ಕಂತು ಬರೆದಳು.

ಸುಮತಿ ಅಳದಂಗಡಿಯ ಕಡೆಯ ಜೈನರ ಹುಡುಗಿ, ಅಂತಿಮ ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿನಿ. ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಅವಳು ವೇಣೂರಿನ ಕಡೆಯ ಬಸ್ಸಿಗೂ ನಾನು ಬಂಟ್ವಾಳದ ಬಸ್ಸಿಗೂ ಕಾಯುತ್ತ ನಿಂತಾಗ ಆ ಕಥೆಯನ್ನು ನನಗೆ ಹೇಳಿದ್ದಳು. ಅವಳನ್ನು ಸಾಕಿ ಓದಿಸಿದ ಸೋದರಮಾವ ಆ ವರ್ಷವೇ ತೀರಿಕೊಂಡಿದ್ದರು. ಅವಳ ಕಂತಿನಲ್ಲಿ, ಧಾರಾವಾಹಿಯ ಜನ ದಾರಿಯಲ್ಲಿ ಒಂದು ಹಳೆಯ ನೌಕೆಯನ್ನು ಕಾಣುತ್ತಾರೆ. ಅದರ ಮುದಿ ಕಪ್ತಾನ ಸಾಯುತ್ತಿದ್ದಾನೆ. ಅವನ ಗ್ರಹದಲ್ಲಿ ಮನೆಯೂ ನೌಕೆಯೂ ಸೇರುವುದು ತಂಗಿಯ ಮಕ್ಕಳಿಗೆ. ನೌಕೆಯ ಅಡುಗೆಕೋಣೆ ಬಿಟ್ಟು ಹೊರಗೆ ಬಂದೇ ಇಲ್ಲದ ತಂಗಿಯ ಮಗಳನ್ನು ಕರೆದು, ಅವಳ ಕೈಯನ್ನು ಚುಕ್ಕಾಣಿಯ ಮೇಲಿಟ್ಟು, ಅವನು ಒಂದೇ ಮಾತು ಹೇಳುತ್ತಾನೆ: "ಪೋಡ್ಯಡ." ತುಳುವಿನಲ್ಲಿ ಹೆದರಬೇಡ ಎಂದು. ಆಸ್ಪತ್ರೆಯಲ್ಲಿ ಮಾವ ಅವಳಿಗೆ ಹೇಳಿದ ಕಡೆಯ ಮಾತೂ ಅದೇ ಆಗಿತ್ತು.

"ಇಂಗ್ಲಿಷಲ್ಲಿ ಬರೆದೆ ಮೇಡಂ. ಆದ್ರೆ ಆ ಒಂದು ಮಾತು ಇಂಗ್ಲಿಷಲ್ಲಿ ಬರ್ಲೇ ಇಲ್ಲ. ಹಾಗೆಯೇ ಇಟ್ಟೆ. ಆ ಗ್ರಹದವರು ಮಾತಾಡುವ ಭಾಷೆ ಅಂತ ಮಾಡಿದೆ" ಎಂದಳು. ಸರ್ ಓದಿ ಏನೆಂದರು ಎಂದು ಕೇಳಿದೆ. "ಸ್ಪೆಲ್ಲಿಂಗ್ ಸರಿ ಮಾಡ್ಕೋ ಅಂತ ಹೇಳಿದ್ರು."

ಅವಳು ಬಿ.ಎ. ಮುಗಿಸಿ ಬಿ.ಎಡ್. ಮಾಡಿ ಬೆಳುವಾಯಿಯ ಒಂದು ಶಾಲೆಯಲ್ಲಿ ಟೀಚರಾದಳು. ಇವರ ಸಂಶೋಧನೆ ತೆವಳುತ್ತಿತ್ತು. ಬೇರೆಯವರು ಈಗಾಗಲೇ ಬರೆದದ್ದನ್ನು ಇನ್ನೊಮ್ಮೆ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ, ಹೊಸತೇನಾದರೂ ಬೇಕಿತ್ತು. ಆಮೇಲೆ ಇದ್ದಕ್ಕಿದ್ದಂತೆ ಅವರ ನಡಿಗೆಯೇ ಬದಲಾಯಿತು. ಪರದೇಶದ ಅಭಿಮಾನಿಗಳ ಪತ್ರಿಕೆಯೊಂದರಲ್ಲಿ ತಮ್ಮ 'ಶೋಧ' ಪ್ರಕಟವಾಗಿದೆಯೆಂದೂ, ಕೈಬಿಟ್ಟ ಒಂದು ಕಂತಿನ ಚಿತ್ರಕಥೆ ತಮಗೆ ಸಿಕ್ಕಿದೆಯೆಂದೂ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರು. ಏನು ಎತ್ತ ಎಂದು ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ. ಅವರನ್ನು ಏನಾದರೂ ಕೇಳಿದರೆ ಮುಂದಿನ ಪಿರಿಯಡ್ ತಪ್ಪುತ್ತಿತ್ತು.

ಬಿಡಿಸಿ ಹೇಳಿದ್ದು ಕೆಲವು ವರ್ಷಗಳ ನಂತರ. ಆ ಧಾರಾವಾಹಿ ಪುನಃ ನಿರ್ಮಾಣವಾಗುತ್ತಿದೆ ಎಂಬ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದು, ಕಾಲೇಜು ಅವರಿಂದ ಒಂದು ಉಪನ್ಯಾಸ ಏರ್ಪಡಿಸಿತು. ಗುಂಡಿ ಮುಟ್ಟಿ ನೋಡಿಕೊಂಡು ಎದ್ದು ನಿಂತರು. ಖಾಲಿ ವರ್ಷಗಳಲ್ಲಿ ಒಂದು ಕಂತನ್ನು ನಮ್ಮ ಕರಾವಳಿಯಲ್ಲಿ ಚಿತ್ರೀಕರಿಸುವ ಯೋಚನೆ ಇತ್ತಂತೆ. ಅದಕ್ಕಾಗಿ ಬಂದ ಲೇಖಕನೊಬ್ಬ ತನ್ನ ಕರಡನ್ನು ಮಂಗಳೂರಿನ ಒಂದು ಹೋಟೆಲಿನವರ ಬಳಿ ಬಿಟ್ಟುಹೋದನಂತೆ. ಆ ಹೋಟೆಲಿನವರು ಈಗ ಇಲ್ಲವಂತೆ. ಆಮೇಲೆ ಕಥೆ ಹೇಳತೊಡಗಿದರು. ಮುದಿ ಕಪ್ತಾನ ಬಂದ. ತಂಗಿಯ ಮಕ್ಕಳಿಗೆ ಸೇರುವ ನೌಕೆ ಬಂತು. ಕಪ್ತಾನನ ಆ ಒಂದು ಮಾತಿಗೆ ಬರುವ ಮೊದಲೇ ಕಥೆ ಮುಗಿಸಿದರು.

ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯ ಹಿರಿಯರೊಬ್ಬರಿದ್ದರು. ಜೈನರ ದೊಡ್ಡ ಮನೆತನದವರು. ಉಪನ್ಯಾಸ ಮುಗಿದ ಮೇಲೆ ಎದ್ದು ನಿಧಾನವಾಗಿ ಕೇಳಿದರು: "ಸಾರ್, ಇದು ನಮ್ಮ ಅಳಿಯಕಟ್ಟು ಅಲ್ವಾ? ನನ್ನ ಮಾವನ ಮನೆ ಬಂದದ್ದು ಅವರ ಮಕ್ಕಳಿಗಲ್ಲ, ತಂಗಿಯ ಮಗ ನನಗೆ. ಅದಕ್ಕೆ ನಕ್ಷತ್ರಕ್ಕೆ ಯಾಕೆ ಹೋಗ್ಬೇಕು ಮಾರಾಯ್ರೆ?"

ಸಭೆ ಗೊಳ್ಳೆಂದು ನಕ್ಕಿತು. ಇವರು ನಗಲಿಲ್ಲ. "ಇಲ್ಲ ಸರ್, ಇದು ಬಹಳ ಮುಂದುವರಿದ ಒಂದು ಸಮಾಜದ ಕಲ್ಪನೆ. ಇಲ್ಲಿಯವರಿಗೆ ಥಟ್ ಅಂತ ಅರ್ಥ ಆಗೋದು ಕಷ್ಟ" ಎಂದರು. ಆ ಹಿರಿಯರು ಕೈಮುಗಿದು ಕೂತರು.

ಸ್ಟಾಫ್ ರೂಮಿನಲ್ಲಿ ನೇರವಾಗಿ ಕೇಳಿದೆ. "ಸರ್, ಅದು ಸುಮತಿ ಬರೆದದ್ದು."

"ಟೈಪ್ ಮಾಡಿದ್ದು ಅವಳು" ಎಂದರು. ಸ್ವಲ್ಪವೂ ತಡವರಿಸಲಿಲ್ಲ. "ಮೂಲ ಪ್ರತಿ ನೋಡಿ ಅವಳ ಕೈಲಿ ಟೈಪ್ ಮಾಡಿಸಿದ್ದೆ. ಏನೋ ಗೊಂದಲ ಮಾಡ್ಕೊಂಡಿದ್ದೀರ ಮೇಡಂ."

ಸುಮತಿಯ ಮನೆಯಲ್ಲಿ ಫೋನು ಇರಲಿಲ್ಲ. ಬರುವ ಶನಿವಾರ ಬೆಳುವಾಯಿಗೇ ಹೋಗಿಬರುವುದೆಂದುಕೊಂಡೆ. ಅಷ್ಟರಲ್ಲಿ ಡೊರೀನ್ ಬಂದರು.

ಡೊರೀನ್ ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಅಂಚೆ ಕಚೇರಿಯಿಂದ ನಿವೃತ್ತರಾದವರು, ವಿಧವೆ. ಊಟದ ಹೊತ್ತಿನಲ್ಲಿ ಜೆರಾಕ್ಸ್ ಮಾಡಿ ಇಷ್ಟು ವರ್ಷ ಇವರಿಗೆ ಕಳಿಸಿದ ಕೈ ಅವರದೇ. ಕೇರಳ ನೋಡಲು ಬಂದವರು, ದಕ್ಷಿಣ ಕನ್ನಡದ ಸಂಘದವರನ್ನೂ ಕಂಡು ಹೋಗುತ್ತೇನೆಂದು ಬರೆದರು. ಸಂಘವೇ ಇಲ್ಲವಲ್ಲ! ಇವರು ಮೆಲ್ಕಾರಿಗೆ ಓಡಿ, ತಿಂಗಳಿಗೊಮ್ಮೆ ನೂರು ಜನ ಸೇರುತ್ತೇವೆಂದು ಹೇಳಬೇಕೆಂದು ರಝಾಕರಿಗೆ ಪಾಠ ಮಾಡಿದರು. "ನಾನು ಸುಳ್ಳು ಹೇಳುದಿಲ್ಲ ಸಾರ್" ಎಂದರು ರಝಾಕ್. "ಆದಿತ್ಯವಾರ ಐದಾರು ಜನ ಬರ್ತಾರೆ. ಅಷ್ಟು ಹೇಳ್ತೇನೆ. ಚಹಾ, ಸಮೋಸ ನಾನು ತರಿಸ್ತೇನೆ, ಅದು ಬೇರೆ." ಬರುವವರು ಹೆಂಗಸಾದ್ದರಿಂದ ಜೊತೆಗೊಬ್ಬರು ಹೆಂಗಸು ಇರಲಿ ಎಂದು ಇವರು ನನ್ನನ್ನೂ ಕರೆದರು. ಮೊದಲ ಬಾರಿಗೆ ಅವರು ಕರೆದಲ್ಲಿಗೆ ನಾನು ಸಂತೋಷದಿಂದ ಹೋದೆ.

ಡೊರೀನರಿಗೆ ಆ ಐದಾರು ಜನರೇ ಸಾಕಾದರು. ಭಾಷೆ ಬಾರದ ಟೈಲರು ಧಾರಾವಾಹಿಯ ಶೀರ್ಷಿಕೆಯ ಸಂಗೀತವನ್ನು ಬಾಯಲ್ಲೇ ನುಡಿಸಿದಾಗ ಇಬ್ಬರೂ ಒಟ್ಟಿಗೆ ಕೈತಟ್ಟಿ ನಕ್ಕರು. ಹೊರಡುವಾಗ ಅಂಗಡಿಯ ಮೆಟ್ಟಿಲ ಬಳಿ ಮಲಗಿದ್ದ ನಾಯಿ ಎದ್ದು ಬೊಗಳಿತು. ಡೊರೀನ್ ಹಿಂದೆ ಸರಿದರು. ರಿಕ್ಷಾದವನೊಬ್ಬ ನಾಯಿಯನ್ನು ಗದರಿಸಿ, ಅವರತ್ತ ತಿರುಗಿ, "ಪೋಡ್ಯಡೆ ಅಮ್ಮಾ, ಪೋಡ್ಯಡೆ" ಎಂದ. ಹಿರಿಯರಿಗೆ ಹೇಳುವಾಗ ಪೋಡ್ಯಡ ಹೀಗಾಗುತ್ತದೆ.

ಡೊರೀನ್ ನಿಂತಲ್ಲೇ ನಿಂತರು. ಇವನು ಈಗ ಏನು ಹೇಳಿದ ಎಂದು ಕೇಳಿದರು. ಇದು ಆ ಗ್ರಹದ ಮಾತಲ್ಲವೇ, ನಮ್ಮಲ್ಲಿ ಆ ಕಂತು ಓದಿದವರು ಕಾಗದದ ಕೊನೆಗೆ ಈ ಮಾತನ್ನೇ ಬರೆಯುತ್ತೇವೆ, ಎಂದರು.

ಇವರು ನನ್ನ ಮುಖ ನೋಡಿದರು. ಆ ಮಾತು ತುಳು ಎಂದು ಅವರಿಗೆ ಗೊತ್ತಾದದ್ದು ಆ ಕ್ಷಣದಲ್ಲಿ! ಅಷ್ಟು ವರ್ಷ ಆ ಊರಿನ ಅನ್ನ ತಿಂದು, ಬಸ್ಸಿನಲ್ಲಿ, ಬೀದಿಯಲ್ಲಿ, ತಾಯಂದಿರು ಮಕ್ಕಳಿಗೆ ಹೇಳುವ ಆ ಮಾತು ಒಮ್ಮೆಯೂ ಕಿವಿಗೆ ಬೀಳದಂತೆ ಬದುಕಿದ್ದರು. ಅದನ್ನು ಅನ್ಯಗ್ರಹದ ಭಾಷೆ ಎಂದು ಪರದೇಶದಲ್ಲಿ ಅಚ್ಚು ಹಾಕಿಸಿದ್ದರು. ಇಷ್ಟಾದರೂ ಅವರಿಗೆ ಉತ್ತರ ಸಿದ್ಧವಿತ್ತು. ಆ ಲೇಖಕ ಇಲ್ಲಿಗೆ ಬಂದಾಗ ಸ್ಥಳೀಯ ಪದಗಳನ್ನು ಸಂಗ್ರಹಿಸಿರಬೇಕು, ಇದೇ ಒಂದು ಹೊಸ ಪುರಾವೆ, ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

ನಾನು ಅಡ್ಡ ಬಂದೆ. ಆ ಕಂತು ಬರೆದವಳು ನನ್ನ ವಿದ್ಯಾರ್ಥಿನಿ, ಸುಮತಿ ಎಂದು ಹೆಸರು, ಇಲ್ಲೇ ಬೆಳುವಾಯಿಯಲ್ಲಿದ್ದಾಳೆ ಎಂದು ಡೊರೀನರಿಗೆ ಹೇಳಿದೆ. ಡೊರೀನ್ ಇವರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, ಹಾಗಾದರೆ ಹೋಗೋಣ ಎಂದರು. ರಝಾಕ್ ತಮ್ಮ ಭಾವನ ಕಾರು ತರಿಸಿದರು. ಇವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ದಾರಿಯುದ್ದಕ್ಕೂ, ಸಿದ್ಧಕಟ್ಟೆ ದಾಟಿದ ಮೇಲೂ, ತಮ್ಮ ಪ್ರಬಂಧದ ರೂಪರೇಷೆ ವಿವರಿಸುತ್ತಲೇ ಇದ್ದರು.

ಸುಮತಿ ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆ ತೆಗೆಯುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ, ಒಳಗಿನಿಂದ ಕುರ್ಚಿ ತಂದು ಹಾಕಿದಳು. ತನ್ನ ಕಥೆ ಅಚ್ಚಾದದ್ದೇ ಅವಳಿಗೆ ಗೊತ್ತಿರಲಿಲ್ಲ. ಡೊರೀನ್ ಚೀಲದಿಂದ ಆ ಪತ್ರಿಕೆ ತೆಗೆದು ಕೊಟ್ಟರು. ಅವಳು ಮೊದಲ ಪುಟ ಓದಿದಳು, ಕೊನೆಯ ಪುಟ ಓದಿದಳು. ತನ್ನ ಹೆಸರಿಗಾಗಿ ಹುಡುಕಲೂ ಇಲ್ಲ.

ಡೊರೀನರಿಗೆ ಕನ್ನಡ ಬಾರದು ಎಂಬ ಧೈರ್ಯದಲ್ಲಿ ಇವರು ನಗುಮುಖ ಇಟ್ಟುಕೊಂಡೇ ಹೇಳಿದರು: "ಸುಮತಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ. ನೀನು ಬರೀ ಟೈಪ್ ಮಾಡಿದ್ದು ಅಂತ ಅಂದ್ಬಿಡು. ನನ್ನ ಥೀಸಿಸ್ ಮುಂದಿನ ತಿಂಗಳು ಸಬ್‌ಮಿಟ್ ಆಗ್ಬೇಕು. ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕ್ತೀನಿ."

ಸುಮತಿ ಅವರಿಗೆ ಉತ್ತರ ಕೊಡದೆ ಡೊರೀನರ ಕಡೆ ತಿರುಗಿ, ಓದಿದವರು ಕಪ್ತಾನನ ಬಗ್ಗೆ ಏನೆಂದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡೊರೀನ್ ಹೇಳಿದರು. ತನ್ನ ಗಂಡ ಕಾಯಿಲೆಯಲ್ಲಿದ್ದಾಗ ಆ ಕಂತನ್ನು ಓದಿ ಹೇಳಿದ್ದು. ಅವನು ಕೊನೆಯ ಪುಟವನ್ನು ಮತ್ತೆ ಮತ್ತೆ ಓದಿಸಿಕೊಂಡದ್ದು. ಆ ಒಂದು ಮಾತಿನ ಅರ್ಥ ಗೊತ್ತಿಲ್ಲದಿದ್ದರೂ ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡದ್ದು. ಸುಮತಿ ಅಳತೊಡಗಿದಳು. ಅದು ನನ್ನ ಮಾವ, ಅದು ನನ್ನ ಮಾವ ಹೇಳಿದ್ದು, ಎಂದಳು. ಡೊರೀನ್ ಎದ್ದು ಹೋಗಿ ಅವಳ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು.

ಸ್ವಲ್ಪ ಸುಧಾರಿಸಿಕೊಂಡು ಸುಮತಿ ಇವರನ್ನು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಅನುಕೂಲವಾಗುತ್ತಿತ್ತೇನೋ. "ಸರ್, ನಿಮಗೆ ಅದರಲ್ಲಿ ಯಾವುದು ಇಷ್ಟ ಆಯ್ತು?"

ಅವರು ಗುಂಡಿಗೆ ಕೈ ಹಾಕಿದರು. "ಸ್ಟ್ರಕ್ಚರ್ ಚೆನ್ನಾಗಿದೆ" ಎಂದರು.

"ಅಲ್ಲ ಸರ್, ಯಾವ ಭಾಗ?"

ಆ ಕಂತಿನ ಬಗ್ಗೆ ಉಪನ್ಯಾಸ ಕೊಟ್ಟವರು, ಅದರ ಮೇಲೆ ಒಂದು ಇಡೀ ಅಧ್ಯಾಯ ಬರೆದವರು, ಅಂಗಳದ ಆಚೆಗಿನ ಗದ್ದೆಯನ್ನು ನೋಡುತ್ತ ಕೂತರು. ಒಂದು ದೃಶ್ಯವೂ ನೆನಪಿಗೆ ಬರಲಿಲ್ಲ. ಕೊನೆಗೆ ಗಡಿಯಾರ ನೋಡಿ, "ಲಾಸ್ಟ್ ಬಸ್ ಎಷ್ಟೊತ್ತಿಗೆ?" ಎಂದರು. ನಾವು ಕಾರಿನಲ್ಲಿ ಬಂದಿದ್ದೆವು.

ಡೊರೀನ್ ಊರಿಗೆ ಹೋಗಿ, ಮುಂದಿನ ಸಂಚಿಕೆಯಲ್ಲಿ ಸುಮತಿಯ ಹೆಸರು, ಅವಳ ಮಾವನ ವಿಷಯ, ಆ ಮಾತಿನ ಅರ್ಥ ಎಲ್ಲವನ್ನೂ ಬರೆದು ಹಾಕಿಸಿದರು. ಅಲ್ಲಿಯ ಅಭಿಮಾನಿಗಳು ಸುಮತಿಗೆ ಕಾಗದ ಬರೆದರು. ಅವಳು ಅವರ ಪತ್ರಿಕೆಗೆ ಇನ್ನೂ ಕೆಲವು ಕಥೆ ಬರೆದಳು. ಆಮೇಲೆ ಕನ್ನಡದಲ್ಲಿ ಮಕ್ಕಳಿಗಾಗಿ ನಾಟಕ ಬರೆಯತೊಡಗಿದಳು. ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ಹೋಗಿದ್ದೆ. ವೇದಿಕೆಯ ಮೇಲೆ ತಗಡಿನ ಡಬ್ಬಗಳ ನೌಕೆ, ಅದರೊಳಗೆ ಇಪ್ಪತ್ತು ಮಕ್ಕಳ ಗಲಾಟೆ. ಚೆನ್ನಾಗಿತ್ತು.

ಇವರಿಗೆ ಏನಾಯಿತು ಎಂದು ಕೇಳುವಿರಿ. ಏನೂ ಆಗಲಿಲ್ಲ. ಆ ಅಧ್ಯಾಯ ತೆಗೆದು ಹಾಕಿ, ಉಳಿದದ್ದನ್ನು ಕೊಟ್ಟು ಡಾಕ್ಟರಾದರು. ವಿಭಾಗದ ಮುಖ್ಯಸ್ಥರಾದರು. ಹೊಸ ಧಾರಾವಾಹಿ ಬಂದಾಗ ಒಂದು ಪತ್ರಿಕೆಯವರು ಅವರನ್ನು ಮಾತಾಡಿಸಿದರು. 'ಗ್ರಾಮೀಣ ಪ್ರತಿಭೆಯೊಂದನ್ನು ಜಗತ್ತಿಗೆ ಪರಿಚಯಿಸಿದ ತೃಪ್ತಿ ನನಗಿದೆ' ಎಂದು ಹೇಳಿಕೊಂಡರು. ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಮೂರು ಭಾಷಣ. ನಾನು ಆ ದಿನ ರಜೆ ಹಾಕಿದ್ದೆ.

ಕಾಯಿಲೆಯಾಗಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗಲೂ ನಾನು ಹೋಗಲಿಲ್ಲ. ಸುಮತಿ ಹೋಗಿದ್ದಳಂತೆ. ತೀರಿಕೊಂಡ ಸುದ್ದಿ ಬಂದ ಮೇಲೆ ಅವಳೇ ಫೋನಿನಲ್ಲಿ ಹೇಳಿದಳು. ನನಗೆ ಸಿಟ್ಟು ಬಂತು.

"ಎಂತಕ್ಕೆ ಹೋದದ್ದು ನೀನು?"

"ಅವರು ಆ ಕ್ಯಾಸೆಟ್ ಹಾಕದಿದ್ರೆ ನಾನು ಬರೀತಾ ಇರ್ಲಿಲ್ಲ ಮೇಡಂ. ಅಷ್ಟು ಉಂಟಲ್ಲ."

"ಏನು ಹೇಳಿದ್ರು?"

"ಹೊಸ ಕಥೆ ಏನಾದ್ರೂ ಇದ್ಯಾ ಅಂತ ಕೇಳಿದ್ರು."

"ಕೊಟ್ಟೆಯಾ?"

"ಬರೆದದ್ದು ಕೊಡ್ಲಿಲ್ಲ ಮೇಡಂ. ಅಲ್ಲೇ ಕೂತು ಬಾಯಲ್ಲಿ ಹೇಳಿದೆ."

"ಪೂರ್ತಿ ಕೇಳಿದ್ರಾ?"

"ಇಲ್ಲ" ಎಂದಳು. "ಅರ್ಧದಲ್ಲಿ ನಿದ್ದೆ ಹೋದ್ರು."